ಒಣಗುವ ಮುನ್ನ ಎಳೆದು ನೋಡಿದ ಹದಿನೇಳು ಗೊಂಬೆಗಳು

ಮಾರ್ಚ್ ಒಂಬತ್ತು, ಸೋಮವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷ. ಮಕ್ಕಳ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ, ಕಿಟಕಿಗೆ ಆನಿಸಿದ ಮೇಜಿನ ಮೇಲೆ ಮೂವತ್ತೆಂಟು ಆಟಿಕೆಗಳಿವೆ. ಶನಿವಾರ ಮನೆಗಳಿಂದ ಹಿಂದಿರುಗಿದವು, ಭಾನುವಾರ ತೊಳೆದು ಒಣಗಿಸಿದವು. ಮೇಜಿನ ಮುಂದೆ ಅರವತ್ತಾರು ವರ್ಷದ ಹೆಂಗಸೊಬ್ಬರು ನಿಂತಿದ್ದಾರೆ. ಪಕ್ಕದಲ್ಲಿ ಕುರ್ಚಿಯಿದೆ, ಕುಳಿತರೆ ಕೈಗೆ ಬಲ ಬರುವುದಿಲ್ಲವೆಂದು ಅದರ ಮೇಲೆ ಬಟ್ಟೆಯ ಗಂಟು ಇಟ್ಟಿದ್ದಾರೆ. ಆಸ್ಪತ್ರೆಗೆ ಬರುವ ತಾಯಂದಿರು ಇವರನ್ನು ಆಟಿಕೆಯಮ್ಮ ಎನ್ನುತ್ತಾರೆ.

ಇಲ್ಲಿಂದ ಆಟಿಕೆಗಳನ್ನು ಹದಿನೈದು ದಿನಗಳ ಮಟ್ಟಿಗೆ ಮನೆಗೆ ಒಯ್ಯಬಹುದು, ಶುಲ್ಕವಿಲ್ಲ. ಒಟ್ಟು ನಾನೂರ ಹನ್ನೆರಡು ಆಟಿಕೆಗಳು. ಹಿಂದಿರುಗಿದ ಪ್ರತಿಯೊಂದೂ ಆಟಿಕೆಯಮ್ಮನ ಕೈ ದಾಟಿಯೇ ಮತ್ತೊಂದು ಮಗುವಿನ ಕೈ ಸೇರಬೇಕು. ಮೇಜಿನ ಅಂಚಿಗೆ ಒಂದೂಕಾಲು ಅಂಗುಲ ಅಗಲದ ಗಾಜಿನ ಕೊಳವೆಯೊಂದನ್ನು ಕಟ್ಟಿದೆ. ಅದರೊಳಗೆ ಇಳಿಯುವ ಯಾವ ವಸ್ತುವೂ ಮೂರು ವರ್ಷ ತುಂಬದ ಮಗುವಿಗೆ ಸಲ್ಲದು. ಬಿಳಿಯ ಒದ್ದೆ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಬಿಟ್ಟರೆ ಸಲ್ಲದು. ಗೇಣಿಗಿಂತ ಉದ್ದದ ದಾರವಿದ್ದರೆ ಕತ್ತರಿ. ಬ್ಯಾಟರಿಯ ಮುಚ್ಚಳ ಉಗುರಿಗೇ ತೆರೆದುಕೊಂಡರೆ ನೇರ ಕಸದ ಬುಟ್ಟಿ. ಬಟ್ಟೆಯ ಗೊಂಬೆಯಾದರೆ ಕಣ್ಣು, ಮೂಗು, ಬಾಲಗಳನ್ನು ಹಿಡಿದು ಹತ್ತು ಎಣಿಸುವವರೆಗೆ ಎಳೆಯುತ್ತಾರೆ. ಇಂದು ಏಳು ನಪಾಸಾಗಿವೆ: ಬಣ್ಣ ಬಿಟ್ಟ ಮೂರು ಮರದ ತುಂಡುಗಳು, ಬಿರುಕು ಬಿಟ್ಟ ಒಂದು ಗಿಲಕಿ, ಹೊಲಿಗೆ ಸಡಿಲಾದ ಮೂರು ಗೊಂಬೆಗಳು. ಉಳಿದ ಮೂವತ್ತೊಂದು ಕಪಾಟು ಸೇರುತ್ತವೆ.

ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ. ಒಂದು ವರ್ಷದ ಗಂಡುಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ಮೊದಲ ತಾಯಿ ಬರುತ್ತಾಳೆ. ಮಗುವಿನ ಕಣ್ಣು ಅವಳ ಕೈಯ ಫೋನಿನ ಮೇಲಿದೆ.

"ಏನಾದ್ರೂ ಬೆಳಕು ಬರೋದು, ಹಾಡು ಹೇಳೋದು ಕೊಡಿ ಅಮ್ಮಾ. ಮೊಬೈಲ್ ತೋರಿಸ್ದೆ ಇದ್ರೆ ಇವನು ಒಂದು ತುತ್ತೂ ನುಂಗಲ್ಲ."

"ಮೊಬೈಲ್ ಬರೋಕೆ ಮುಂಚೆ ಮಕ್ಕಳೆಲ್ಲ ಉಪವಾಸ ಇದ್ವಾ? ನಿಮ್ಮಮ್ಮ ನಿನಗೆ ಹೇಗೆ ಉಣಿಸ್ತಿದ್ಲು, ಕೇಳಿದ್ದೀಯಾ?"

"ಬೆನ್ನಿಗೆ ಎರಡು ಬಿಟ್ಟು!"

ಆಟಿಕೆಯಮ್ಮ ನಗುತ್ತಾರೆ. ಕಪಾಟಿನಿಂದ ಮುಚ್ಚಳವಿರುವ ಒಂದು ಡಬ್ಬಿಯನ್ನೂ ಅಂಗೈಯಗಲದ ಐದು ಮರದ ಬಳೆಗಳನ್ನೂ ತೆಗೆದುಕೊಡುತ್ತಾರೆ. "ಅದರಲ್ಲಿ ಮೊಬೈಲೇ ಆಟ ಆಡುತ್ತೆ, ಮಗು ಸುಮ್ಮನೆ ಕೂತಿರುತ್ತೆ. ಇದು ಸುಮ್ಮನಿರುತ್ತೆ, ಮಗು ಆಡುತ್ತೆ. ಒಂದು ವಾರ ರಂಪ ಮಾಡ್ತಾನೆ. ಕಿವಿಗೆ ಹತ್ತಿ ಇಟ್ಕೋ, ಮನಸ್ಸು ಮಾತ್ರ ಕರಗಿಸ್ಕೋಬೇಡ."

ಹನ್ನೊಂದು ವರ್ಷಗಳಿಂದ ಇದೇ ಕೆಲಸ. ಅದಕ್ಕೂ ಮೊದಲು ಇದೇ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ಆಟಿಕೆಯ ಕೋಣೆಗೆ ಆಳು ಬೇಕೆಂದಾಗ ತಾವಾಗಿಯೇ ಕೇಳಿ ಬಂದರು. ಕಾರಣ ಕೇಳಿದವರಿಗೆ ಎರಡೇ ಮಾತಿನಲ್ಲಿ ಹೇಳುತ್ತಾರೆ. "ನಮ್ಮ ಮೊದಲನೇ ಮಗು ಹನ್ನೊಂದು ತಿಂಗಳಿಗೆ ಗಿಲಕಿಯೊಳಗಿನ ಮಣಿ ನುಂಗಿ ಹೋಯ್ತು. ಗಿಲಕಿ ತಂದಿದ್ದು ನಾನೇ." ಮಗ ಬದುಕಿದ್ದರೆ ಅವನಿಗೀಗ ನಲವತ್ತನಾಲ್ಕು ವರ್ಷ.

ಇಷ್ಟು ಎಚ್ಚರದ ಕೈಯೂ ಒಮ್ಮೆ ತಪ್ಪಿತು. ಜನವರಿ ಹನ್ನೆರಡರ ಹಿಂದಿನ ಮೂರು ದಿನ ಬಿಸಿಲು ಬಿದ್ದಿರಲಿಲ್ಲ. ತೊಳೆದ ಗೊಂಬೆಗಳು ಒಳಗೊಳಗೇ ಹಸಿಯಾಗಿದ್ದವು. ಅಂದು ಹೊರಗೆ ತಾಯಂದಿರ ಸಾಲು ಬೆಳೆಯಿತು. ಆಟಿಕೆಯಮ್ಮ ಹದಿನೇಳು ಗೊಂಬೆಗಳ ಕಣ್ಣುಗಳನ್ನು ಹಸಿಯಾಗಿರುವಾಗಲೇ ಎಳೆದು ನೋಡಿದರು, ಎಲ್ಲವೂ ಗಟ್ಟಿಯಾಗಿದ್ದವು. "ಮನೆಗೆ ಹೋಗಿ ಒಲೆ ಪಕ್ಕ ಒಣಗಿಸ್ಕೊಳ್ಳಿ" ಎಂದು ಹಂಚಿದರು. ಹತ್ತಿಯ ನೂಲು ನೀರು ಕುಡಿದರೆ ಉಬ್ಬಿ ಬಿಗಿಯುತ್ತದೆ, ಒಣಗಿದ ಮೇಲೆ ಸಡಿಲವಾಗುತ್ತದೆ. ಆದ್ದರಿಂದ ಪೂರ್ತಿ ಒಣಗಿದ ಗೊಂಬೆಯನ್ನೇ ಎಳೆಯಬೇಕು. ಈ ನಿಯಮವನ್ನು ಮಾಡಿದವರೂ ಅವರೇ.

ಮರುದಿನ ಒಬ್ಬ ತಾಯಿ, ಒಲೆ ಪಕ್ಕ ಒಣಗಿದ ಮೊಲದ ಗೊಂಬೆಯನ್ನು ಬೇಡವೆಂದು ತಂದುಕೊಟ್ಟಳು. ಅಭ್ಯಾಸಬಲದಿಂದ ಆಟಿಕೆಯಮ್ಮ ಅದರ ಕಣ್ಣನ್ನು ಎಳೆದರು. ನಾಲ್ಕು ಎಣಿಸುವಷ್ಟರಲ್ಲಿ ಕಣ್ಣಾಗಿ ಹೊಲಿದಿದ್ದ ಗುಂಡಿ ಕೈಗೆ ಬಂತು.

ಅಂದು ಸಂಜೆಯೇ ಗಂಡನ ಸೈಕಲ್ಲಿನ ಹಿಂದೆ ಕುಳಿತು, ವಿಳಾಸಗಳ ಪಟ್ಟಿ ಹಿಡಿದು ಹೊರಟರು. ಉಳಿದ ಹದಿನಾರರಲ್ಲಿ ಮೊದಲ ದಿನ ಒಂಬತ್ತು, ಎರಡನೆಯ ದಿನ ನಾಲ್ಕು, ಮೂರನೆಯ ದಿನ ಎರಡು ಕೈಸೇರಿದವು. "ಕಳ್ಳನನ್ನ ಹುಡುಕೋ ಪೊಲೀಸರೂ ಇಷ್ಟು ಮೆಟ್ಟಿಲು ಹತ್ತಲ್ಲ ಕಣೇ" ಎಂದು ಗಂಡ ರೇಗಿದರು. ಆದರೆ ಸೈಕಲ್ ನಿಲ್ಲಿಸಲಿಲ್ಲ.

ಒಂದು ಆನೆಯ ಗೊಂಬೆ ಸಿಗಲಿಲ್ಲ. ಅದನ್ನು ಒಯ್ದವಳು ಮೂಲೆಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹತ್ತೊಂಬತ್ತು ವರ್ಷದ ತಾಯಿ. ಮಡಿಲಲ್ಲಿ ಎಂಟು ತಿಂಗಳ ಹೆಣ್ಣುಮಗು. ಗಂಡ ಕಟ್ಟಡಗಳಿಗೆ ಬಣ್ಣ ಬಳಿಯುವವನು; ಕೆಲಸ ಇದ್ದಲ್ಲಿ ಮನೆ. ಆಟಿಕೆಯಮ್ಮ ಹೋಗುವ ಹೊತ್ತಿಗೆ ಕೋಣೆ ಖಾಲಿಯಾಗಿತ್ತು. ಕೊಟ್ಟಿದ್ದ ಫೋನ್ ನಂಬರು ಅಂದಿನಿಂದ ಮೌನವಾಗಿದೆ. ಒಂಬತ್ತನೆಯ ತಿಂಗಳ ಲಸಿಕೆಗೆ ಮಗು ಎಲ್ಲಿಗಾದರೂ ಬಂದೇ ಬರಬೇಕೆಂದು ಫೆಬ್ರವರಿಯುದ್ದಕ್ಕೂ ಸುತ್ತಲಿನ ಮೂರು ಆಸ್ಪತ್ರೆಗಳ ಲಸಿಕೆಯ ಸಾಲಿನಲ್ಲಿ ಸರದಿಯಂತೆ ಹೋಗಿ ನಿಂತರು. ಬರಲಿಲ್ಲ.

ಲಸಿಕೆ ಹಾಕುವ ದಾದಿ ಅವರಿಗೆ ಸಮಾಧಾನ ಹೇಳಿ ನೋಡಿದ್ದಾರೆ. ಹಿಂದಿರುಗಿದ ಹದಿನಾರನ್ನು ಒಣಗಿಸಿ ಎಳೆದಾಗ ಮೊಲವೂ ಸೇರಿ ಮೂರರ ಕಣ್ಣು ಮಾತ್ರ ಕಿತ್ತುಬಂದಿತ್ತು. "ಹದಿಮೂರು ಗಟ್ಟಿ ಇದ್ವಲ್ಲಮ್ಮಾ. ಆನೇದೂ ಗಟ್ಟಿ ಇರುತ್ತೆ, ಸುಮ್ನೆ ಕೊರಗ್ಬೇಡಿ."

"ಆ ಗಿಲಕೀನೂ ಅಂಗಡಿಯವನು ಎಷ್ಟು ಜನಕ್ಕೆ ಮಾರಿದ್ನೋ ಸಿಸ್ಟರ್. ಬಿಚ್ಕೊಂಡಿದ್ದು ನಮ್ಮದೊಂದೇ."

ಗುಂಡಿಯ ಕಣ್ಣುಗಳು ಈಗ ಈ ಕೋಣೆಯಲ್ಲಿ ಬೇಡವಾಗಿವೆ. ಉಳಿದ ಅರವತ್ತಮೂರು ಬಟ್ಟೆಗೊಂಬೆಗಳ ಗುಂಡಿ ಬಿಚ್ಚಿ, ಕಪ್ಪು ನೂಲಿನಲ್ಲಿ ಕಣ್ಣು ಹೊಲಿಯುತ್ತಿದ್ದಾರೆ. ನಲವತ್ತೊಂಬತ್ತು ಮುಗಿದಿವೆ. ರಾತ್ರಿ ನಿದ್ದೆ ಬರುವುದೇ ಎಂದು ಕೇಳಿದರೆ ಸೂಜಿಗೆ ನೂಲು ಪೋಣಿಸುತ್ತಾರೆ. ಮೂರನೆಯ ಸಲ ಒಳಗೆ ಹೋಗುತ್ತದೆ.

ಮಧ್ಯಾಹ್ನ ದಾದಿ ದೊಡ್ಡ ಪುಸ್ತಕ ಹಿಡಿದು ಬರುತ್ತಾರೆ. ಮಾರ್ಚ್ ಕೊನೆಗೆ ಆಟಿಕೆಗಳ ಎಣಿಕೆಯನ್ನು ಮೇಲಿನವರಿಗೆ ಒಪ್ಪಿಸಬೇಕು. ಕಪಾಟಿನಲ್ಲಿರುವುದು, ಮನೆಗಳಿಗೆ ಹೋಗಿರುವುದು, ಮುರಿದದ್ದು, ಎಲ್ಲ ಕೂಡಿದರೆ ನಾನೂರ ಹನ್ನೊಂದು.

"ಐವತ್ತಾರು ದಿನ ಆಯ್ತಮ್ಮಾ. ಆನೆ ಕಳೆದಿದೆ ಅಂತ ಬರೆದುಬಿಡ್ತೀನಿ. ನಿಮ್ಮನ್ನ ಯಾರೂ ಏನೂ ಕೇಳಲ್ಲ."

ಆಟಿಕೆಯಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸುತ್ತಾರೆ.

"ಕಳೆದಿಲ್ಲ ಸಿಸ್ಟರ್. ನಾನೇ ಕೈಯಾರೆ ಕೊಟ್ಟಿದ್ದು."

"ಮತ್ತೆ ಏನಂತ ಬರೀಲಿ?"

"ಆನೆ ಅವಳೇ ಇಟ್ಕೊಳ್ಳಲಿ. ಮಗು ಚೆನ್ನಾಗಿದೆ ಅನ್ನೋ ಒಂದು ಮಾತು ಬರಬೇಕು. ಬರಬೇಕು ಅಂತಲೇ ಬರೀರಿ."

ದಾದಿ ಆನೆಯ ಸಾಲಿನಲ್ಲಿ ಹಾಗೆಯೇ ಬರೆಯುತ್ತಾರೆ.