ನಿವೃತ್ತ ರಾಣಿಯ ಡ್ಯೂಟಿ

ಎಮ್ಮೆಗೆ ಔಷಧಿ ತರಲು ಗಂಗಾವತಿಯ ಪಶು ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿ ಪೊಲೀಸ್ ಪೇದೆಯೊಬ್ಬರು ಕಾಲು ಸೋತ ನಾಯಿಯೊಂದಿಗೆ ಕೂತಿದ್ದರು. ಬಾಂಬು ಹುಡುಕುವ ದಳದಿಂದ ನಿವೃತ್ತಳಾದ ಆ ನಾಯಿ ರಾಣಿಯನ್ನು ಅವರೇ ಮನೆಗೆ ಕರೆತಂದು ಸಾಕುತ್ತಿದ್ದರು.

"ರಿಟೈರಾದ ನಾಯಿಗೆ ಸರಕಾರ ಖರ್ಚು ಕೊಡಂಗಿಲ್ಲರಿ. ಇಂಜೆಕ್ಷನ್ ನೀವ ತರಬೇಕು," ಎಂದರು ಡಾಕ್ಟರು ಪೇದೆಗೆ.

ಅಷ್ಟರಲ್ಲಿ ರಾಣಿ ಕುಂಟುತ್ತ ಬಂದು, ನನ್ನ ಚೀಲ ಮೂಸಿ, ಎದುರಿಗೆ ನೆಟ್ಟಗೆ ಕೂತಳು.

"ಅಕ್ಕಾರ, ಚೀಲದಾಗ ಏನೈತ್ರಿ? ಸಿಡಿಮದ್ದಿನ ವಾಸನಿ ಬಂದ್ರ ಮಾತ್ರ ಹಿಂಗ ಕುಂದರ್ತಾಳ," ಎಂದರು ಪೇದೆ.

ಮೊಮ್ಮಗನಿಗೆ ಕೊಂಡ ಪಟಾಕಿ!

ನಾನು ಡಾಕ್ಟರಿಗೆ ಹೇಳಿದೆ: "ಕಾಲೇಜಿನ ಮಾಸ್ತರಿಕಿಯಿಂದ ರಿಟೈರಾದಮ್ಯಾಲ ನಾ ಒಂದು ಪಾಠಾನೂ ಮಾಡಿಲ್ಲರಿ, ಪಿಂಚಣಿ ತಪ್ಪಿಲ್ಲ. ಇಕಿ ಇನ್ನೂ ಡ್ಯೂಟಿ ಮಾಡಾಕತ್ತಾಳ, ಇಕಿಗೆ ಇಂಜೆಕ್ಷನ್ನೂ ಇಲ್ಲೇನು?"

ಅಂದೇ ಸರಕಾರಕ್ಕೆ ಅರ್ಜಿ ಬರೆದೆ. ರಾಣಿಯ ಕೆಲಸಕ್ಕೆ ಸಾಕ್ಷಿ, ಅವಳ ಕೈಗೆ ಸಿಕ್ಕಿಬಿದ್ದ ನಾನೇ.