ನಗ್ಗದ ಕೊಡ

ಬೆನ್ನುಮೂಳೆಗೆ ಇಂಜೆಕ್ಷನ್ ಕೊಡಬೇಕು ಎಂದು ಜಯನಗರದ ಡಾಕ್ಟರು ಹೇಳಿದಾಗ ನಮ್ಮ ಯಜಮಾನರ ಮುಖ ಸಪ್ಪಗಾಯಿತು. ನನ್ನದು ಆಗಲಿಲ್ಲ. ಸೂಜಿ ಎಷ್ಟು ಉದ್ದವಿದ್ದರೂ ಅಷ್ಟೇ, ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಆರು ವರ್ಷ ಗೋಡೆ ಹಿಡಿದು ಏಳುತ್ತಿದ್ದವಳಿಗೆ ಒಂದು ಸೂಜಿ ಯಾವ ಲೆಕ್ಕ? ಆದರೆ ಡಾಕ್ಟರು ಚೀಟಿ ಬರೆದುಕೊಡುತ್ತಾ ಇನ್ನೊಂದು ಮಾತು ಸೇರಿಸಿದರು.

"ಹೆದರ್ಕೋಬೇಡಿಮ್ಮ. ಮೊದಲು ಮಂಪರು ಬರೋಕೆ ಒಂದು ಇಂಜೆಕ್ಷನ್ ಕೊಡ್ತೀವಿ. ಪೂರ್ತಿ ನಿದ್ದೆ ಅಲ್ಲ. ಮಾತಾಡ್ತಾ ಮಾತಾಡ್ತಾ ಮುಗಿದೇ ಹೋಗತ್ತೆ."

ಮಾತಾಡ್ತಾ ಮಾತಾಡ್ತಾ ಎಂದ ಕೂಡಲೇ ಚೀಟಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಪಕ್ಕದ ಮನೆಯಾಕೆಗೆ ಹೀಗೇ ಆಗಿತ್ತು. ಎರಡನೇ ಹೆರಿಗೆಯಾದ ಮೇಲೆ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಗ, ಮಂಪರು ಇನ್ನೂ ಇಳಿಯುವ ಮೊದಲೇ, ಸುತ್ತ ಗಂಡನ ಮನೆಯವರೆಲ್ಲ ನಿಂತಿದ್ದಾಗ, ನಾದಿನಿಯ ಮೂಗುಬೊಟ್ಟು ಅಕ್ಕಿ ಡಬ್ಬದ ತಳದಲ್ಲಿದೆ ಎಂದು ಹೇಳಿಬಿಟ್ಟಳು. ಮನೆಯವರು ಮೂರು ವರ್ಷದಿಂದ ಹುಡುಕುತ್ತಿದ್ದ ಮೂಗುಬೊಟ್ಟು ಅದು. ಎಚ್ಚರವಾದ ಮೇಲೆ ತಾನು ಏನು ಹೇಳಿದೆ ಎಂಬುದು ಆಕೆಗೆ ನೆನಪಿರಲಿಲ್ಲ. ಕೇಳಿಸಿಕೊಂಡವರಿಗೆ ಚೆನ್ನಾಗಿ ನೆನಪಿತ್ತು.

ನನ್ನ ಹೊಟ್ಟೆಯೊಳಗೂ ಅಂಥದ್ದೊಂದು ಇತ್ತು, ಮೂಗುಬೊಟ್ಟಿಗಿಂತ ಭಾರವಾದದ್ದು. ಅದನ್ನು ಹೇಳಬೇಕಾದರೆ ನಮ್ಮ ಮನೆಯ ನೀರಿನ ವಿಷಯ ಹೇಳಬೇಕು.

ಮಾವನವರು ಬನಶಂಕರಿಯಲ್ಲಿ ಸೈಟು ಕೊಂಡು ಮನೆ ಕಟ್ಟಿಸುವಾಗ ಹಿತ್ತಲಲ್ಲಿ ಬಾವಿ ತೋಡಿಸಿದ್ದರು. ಆಗ ಕತ್ರಿಗುಪ್ಪೆಯ ಕಡೆಗೆಲ್ಲ ರಾಗಿ ಹೊಲ. ನಾನು ಸೊಸೆಯಾಗಿ ಬಂದ ಎರಡು ವರ್ಷಕ್ಕೆ ನಮ್ಮ ರಸ್ತೆಗೂ ನಲ್ಲಿ ಬಂತು. ಬೆಳಿಗ್ಗೆ ನಾಲ್ಕೂವರೆಯಿಂದ ಆರರವರೆಗೆ ನೀರು. ಬೀದಿಯ ಹೆಂಗಸರೆಲ್ಲ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದರು. ಅತ್ತೆಯವರು ಮಾತ್ರ ಬಾಗಿಲಲ್ಲಿ ನಿಂತು ಅದನ್ನು ನೋಡಿ ಒಳಗೆ ಬಂದರು.

"ಅದರೊಳಗೆ ಚರ್ಮದ ಬಿಲ್ಲೆ ಇರತ್ತೆ," ಎಂದರು. "ಚರ್ಮ ತಾಗಿದ ನೀರಲ್ಲಿ ದೇವರಿಗೆ ಅಡುಗೆ ಮಾಡೋದಾ? ಪಾತ್ರೆಗೆ, ಬಟ್ಟೆಗೆ ಇಟ್ಕೊಳ್ಳಿ. ಮಡಿ ನೀರು ಬಾವೀದೇ ಆಗಬೇಕು."

ಬಾವಿಯದೇ ಆಗಬೇಕು ಎಂದರೆ ನಾನೇ ಸೇದಬೇಕು ಎಂದು ಅರ್ಥ. ಅಂಗಳದಲ್ಲಿ ನಲ್ಲಿ ಭೋರ್ಗರೆಯುತ್ತಿರುವಾಗ ನಾನು ತಣ್ಣೀರು ಸ್ನಾನ ಮಾಡಿ, ಹಿತ್ತಲಿಗೆ ಹೋಗಿ, ದಿನಕ್ಕೆ ಎಂಟು ಕೊಡ ಸೇದಿ ಒಳಗೆ ತರುತ್ತಿದ್ದೆ. ಹಿತ್ತಾಳೆಯ ಕೊಡ ಅದು. ಅತ್ತೆಯವರಿಗೆ ಅವರ ಅತ್ತೆ ಕೊಟ್ಟದ್ದಂತೆ. ಖಾಲಿ ಇದ್ದರೂ ಒಂದು ಮಗುವಿನಷ್ಟು ತೂಕ. ಅತ್ತೆಯವರು ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ನಿಂತು ಕೊಡ ಎಣಿಸುತ್ತಿದ್ದರು. ಅವರು ಯಾವಾಗಲೂ ಒಂದು ಕೈ ಸೊಂಟದ ಮೇಲಿಟ್ಟುಕೊಂಡೇ ಇರುತ್ತಿದ್ದರು. ಅದು ಅಧಿಕಾರ ಚಲಾಯಿಸುವವರ ವೈಖರಿ ಎಂದು ನಾನು ತಿಳಿದಿದ್ದೆ.

ಒಂದು ಧನುರ್ಮಾಸದ ಬೆಳಗು. ಸೂರ್ಯ ಹುಟ್ಟುವ ಮೊದಲೇ ದೇವರಿಗೆ ಹುಗ್ಗಿಯ ನೈವೇದ್ಯ ಆಗಬೇಕು. ಇಬ್ಬನಿಗೆ ಬಾವಿಕಟ್ಟೆ ಜಾರುತ್ತಿತ್ತು. ಆರನೆಯದೋ ಏಳನೆಯದೋ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ತಿರುಗಿದೆ, ಕಾಲು ಹೋಯಿತು. ಬಟ್ಟೆ ಒಗೆಯುವ ಕಲ್ಲಿನ ಅಂಚು ಸರಿಯಾಗಿ ನಡುಬೆನ್ನಿಗೆ ಬಡಿಯಿತು. ಕೊಡ ಉರುಳಿಕೊಂಡು ಹೋಗಿ ತುಳಸಿಕಟ್ಟೆಗೆ ತಾಗಿ ನಿಂತಿತು. ನನಗೆ ಉಸಿರು ಬರುತ್ತಿರಲಿಲ್ಲ, ಕೂಗುವುದು ದೂರದ ಮಾತು.

ಬಾಗಿಲಲ್ಲಿದ್ದ ಅತ್ತೆಯವರು ಓಡಿ ಬಂದರು. ನನ್ನನ್ನು ದಾಟಿಕೊಂಡು ಹೋದರು. ಕೊಡವನ್ನು ಎತ್ತಿ ಬಾಗಿಲ ದೀಪದ ಬೆಳಕಿಗೆ ಹಿಡಿದು ತಿರುಗಿಸಿದರು.

"ಕೊಡ ನಗ್ಗಿತಾ?" ಎಂದರು.

ನಗ್ಗಿರಲಿಲ್ಲ. ಅದನ್ನು ಖಚಿತಪಡಿಸಿಕೊಂಡ ಮೇಲೆ ನನ್ನ ಕಡೆ ನೋಡಿದರು. "ಏಳು. ನೆಲ ಮುಟ್ಟಿದ್ದೀಯ, ಮತ್ತೆ ಸ್ನಾನ ಮಾಡಿ ಇನ್ನೊಂದು ಕೊಡ ತಾ. ಹೊತ್ತು ಮೀರತ್ತೆ."

ಎದ್ದೆ. ಸ್ನಾನ ಮಾಡಿದೆ. ಇನ್ನೊಂದು ಕೊಡ ತಂದೆ. ಹೇಗೆ ತಂದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಮಾರನೆಯ ದಿನ ನಾನು ಬಾವಿಯ ನೀರು ತರಲಿಲ್ಲ. ಆಮೇಲೆ ಒಂದು ದಿನವೂ ತರಲಿಲ್ಲ.

ಎಲ್ಲರಿಗಿಂತ ಮೊದಲು ಎದ್ದು ಅಂಗಳದ ನಲ್ಲಿಯಿಂದ ಕೊಡ ತುಂಬಿಸುತ್ತಿದ್ದೆ. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿದ್ದರಿಂದ ಸದ್ದಾಗುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಹಗ್ಗ ನೆನೆಸಿ, ಬರೀ ಹಗ್ಗವನ್ನು ಬಿಟ್ಟು ಎಳೆದು, ರಾಟೆಯನ್ನು ಎಂಟು ಸಲ ಕಿರುಗುಟ್ಟಿಸುತ್ತಿದ್ದೆ. ನಾನು ಬಿದ್ದು ಬೆನ್ನು ಮುರಿದುಕೊಂಡ ಮೇಲೆ ಅತ್ತೆಯವರು ಬಾಗಿಲಿಗೆ ಬಂದು ನಿಲ್ಲುವುದನ್ನು ಬಿಟ್ಟಿದ್ದರು. ಹಾಸಿಗೆಯಲ್ಲೇ ಕೂತು ರಾಟೆ ಎಣಿಸುತ್ತಿದ್ದರು. ಆರು ವರ್ಷ ಅವರ ದೇವರು ನಲ್ಲಿ ನೀರಲ್ಲಿ ಮಿಂದ. ಏಕಾದಶಿಯ ಮಾರನೆಯ ದಿನ ಅವರು ಆಚಮನ ಮಾಡಿ ಕಣ್ಣು ಮುಚ್ಚಿಕೊಂಡು ಆ ನೀರನ್ನು ಕುಡಿಯುವಾಗ ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಎಂಥ ಸುಖ ಅದು. ಬೆನ್ನಿಗೆ ಹಚ್ಚಿದ ಯಾವ ತೈಲವೂ ಅಷ್ಟು ಹಿತ ಕೊಟ್ಟಿರಲಿಲ್ಲ.

ನಡುವೆ ಒಂದು ಸಲ ನಲ್ಲಿ ಸೋರಿತೆಂದು ರಿಪೇರಿಯವನು ಬಂದ. ಬಿಲ್ಲೆ ಬಿಚ್ಚಿ ನನ್ನ ಕೈಗೆ ಕೊಟ್ಟ. ಕಪ್ಪು ರಬ್ಬರು.

"ಚರ್ಮದ್ದು ಅಲ್ವೇನಪ್ಪ?" ಎಂದೆ.

"ಅದೆಲ್ಲ ಹಳೇ ಕಾಲದ್ದು ಅಕ್ಕ. ಈಗೆಲ್ಲ ರಬ್ಬರೇ."

ನನಗೆ ಮೋಸವಾದಂತಾಯಿತು. ಅಷ್ಟು ವರ್ಷ ಸಾಕಿದ ಸೇಡು ರಬ್ಬರಿನದಾಗಿ ಹೋಗಿತ್ತು. ಹಳೆಯ ಬಿಲ್ಲೆಯನ್ನು ಒಲೆಗೆ ಹಾಕಿ ಸುಟ್ಟೆ. ಅವರಿಗೆ ಅದು ಚರ್ಮವೇ ಆಗಿರಲಿ ಎಂದುಕೊಂಡೆ.

ಈಗ ಇಂಜೆಕ್ಷನ್ನಿಗೆ ಹೊರಡುವ ಹೊತ್ತಿಗೆ ಅತ್ತೆಯವರು, "ಗಂಡಸರು ಅಲ್ಲೇನು ಮಾಡ್ತಾರೆ? ನಾನೇ ಜೊತೇಲಿರ್ತೀನಿ," ಎಂದು ಸೀರೆ ಬದಲಿಸಿ ಕೂತಿದ್ದರು. ಬೇಡ ಎಂದು ಹೇಳಲು ನನಗೆ ಕಾರಣ ಸಿಗಲಿಲ್ಲ. ಹಿಂದಿನ ದಿನವಿಡೀ ಯೋಚಿಸಿದ್ದೆ. ಗೊತ್ತಾದರೆ ಏನು ಮಾಡಿಯಾರು? ತವರಿಗೆ ಅಟ್ಟಿಯಾರು, ಮಗನ ಕಿವಿ ತುಂಬಿಯಾರು, ಊಟ ಬಿಟ್ಟು ಕೂತಾರು. ಇದಾವುದೂ ನನಗೆ ಅಷ್ಟು ಭಯ ಹುಟ್ಟಿಸಲಿಲ್ಲ. ಕಾಫಿಪುಡಿ ಬೀಸುತ್ತಿದ್ದಾಗ ನಿಜವಾದ ಭಯ ಯಾವುದೆಂದು ಹೊಳೆಯಿತು. ನಾನು ಮಂಪರಿನಲ್ಲಿ ಎಲ್ಲ ಹೇಳಿಬಿಡುತ್ತೇನೆ, ಅತ್ತೆಯವರ ಮುಖ ಬಿಳಿಚಿಕೊಳ್ಳುತ್ತದೆ, ಅದನ್ನು ನೋಡಲು ನಾನೇ ಇರುವುದಿಲ್ಲ. ಆರು ವರ್ಷ ಕಾಯಿಸಿದ ಹಾಲನ್ನು ನೆಲಕ್ಕೆ ಚೆಲ್ಲಿದ ಹಾಗೆ. ಅದು ಆಗಕೂಡದು.

"ನನಗೆ ಮಂಪರು ಬೇಡ," ಎಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮನಿಗೆ ಹೇಳಿದೆ. ಮಂಪರಿನ ಮದ್ದು ಕೊಡುವುದು ಆಕೆಯ ಕೆಲಸ.

"ಅಲ್ಲಾಡಿದ್ರೆ ಕಷ್ಟ ಆಗತ್ತಮ್ಮ."

"ಅಲ್ಲಾಡಲ್ಲ."

"ಯಾಕಿಷ್ಟು ಹಟ?"

"ಎಚ್ಚರವಾಗಿರಬೇಕು ನಾನು. ಮನೇಲಿ ಕೆಲಸ ಇದೆ."

ಆಕೆ ನಕ್ಕರು. ನನ್ನನ್ನು ಮಗ್ಗುಲಿಗೆ ತಿರುಗಿಸಿ, ಮೊಣಕಾಲು ಎದೆಗೆ ತಾಗುವಂತೆ ಮಡಿಸಿ ಮಲಗಿಸಿದರು. ಸೂಜಿ ಒಳಗೆ ಹೋಗುತ್ತಿದ್ದಂತೆ ಎಡಗಾಲಿನುದ್ದಕ್ಕೂ ಕರೆಂಟು ಹೊಡೆಯಿತು. ಕಣ್ಣಲ್ಲಿ ನೀರು ಬಂತು, ಆದರೆ ಬೆನ್ನು ಕದಲಲಿಲ್ಲ. ನಾನು ಅತ್ತೆಯವರ ಮುಖವನ್ನೇ ನೆನೆಯುತ್ತಿದ್ದೆ.

ರೂಮಿಗೆ ತಂದು ಮಲಗಿಸಿದಾಗ ಅವರು ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ತಾಮ್ರದ ಚೊಂಬು. ಹೊರಗೆ ಎಲ್ಲೂ ನೀರು ಮುಟ್ಟುವವರಲ್ಲ, ಹೋದಲ್ಲೆಲ್ಲ ಮನೆಯ ನೀರು ಜೊತೆಗೆ ಬರುತ್ತಿತ್ತು. ತಾವು ಎರಡು ಗುಟುಕು ಎತ್ತಿ ಕುಡಿದು, ಚೊಂಬನ್ನು ನನ್ನತ್ತ ಚಾಚಿದರು.

"ಇಲ್ಲಿನ ನೀರು ಕುಡೀಬೇಡ. ಬಾವಿ ನೀರಿದೆ, ತಗೋ."

"ಅದು ನಲ್ಲಿ ನೀರು, ಅತ್ತೆ," ಎಂದೆ. "ಮನೇಲಿ ಆರು ವರ್ಷದಿಂದ ನಲ್ಲಿ ನೀರೇ. ದೇವರಿಗೂ ಅದೇ, ನಿಮಗೂ ಅದೇ. ನಾನು ಬರೀ ಹಗ್ಗ ಎಳೀತಿದ್ದೆ."

ನಾನು ಕಣ್ಣು ಮಿಟುಕಿಸಲಿಲ್ಲ. ಅವರ ಮುಖ ನಾನು ಬಯಸಿದ ಹಾಗೇ ಆಯಿತು. ಮೊದಲು ತುಟಿ, ಆಮೇಲೆ ಕೆನ್ನೆ, ಎಲ್ಲ ಇಳಿದುಹೋಯಿತು. ಚೊಂಬು ಹಿಡಿದ ಕೈ ಅಲ್ಲೇ ನಿಂತಿತ್ತು. ಒಂದೇ ಮಾತು ಕೇಳಿದರು.

"ಆವತ್ತಿಂದಾನಾ?"

"ಹೂಂ," ಎಂದೆ.

ಯಾವತ್ತು ಎಂದು ಅವರು ಬಿಡಿಸಿ ಹೇಳಲಿಲ್ಲ. ಅಂದರೆ ಆ ಬೆಳಗು ಅವರಿಗೂ ನೆನಪಿತ್ತು. ನನಗೆ ಇನ್ನಷ್ಟು ಸಿಟ್ಟು ಬಂತು. ಮರೆತಿದ್ದಾರೆ ಎಂದುಕೊಂಡು ಅಷ್ಟು ವರ್ಷ ಹಲ್ಲು ಕಡಿದಿದ್ದೆ, ಇವರು ನೆನಪಿಟ್ಟುಕೊಂಡೇ ಸುಮ್ಮನಿದ್ದರು. ರಬ್ಬರಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವರ ಜೀವ ನಿರಾಳವಾಗುತ್ತಿತ್ತು. ಅದಕ್ಕೇ ನುಂಗಿಕೊಂಡೆ.

ಮಗನಿಗೆ ಅವರು ಏನೂ ಹೇಳಲಿಲ್ಲ. ಮನೆಯ ಸೊಸೆ ಆರು ವರ್ಷ ಮೈಲಿಗೆ ನೀರು ಕುಡಿಸಿದಳು ಎಂದು ಯಾರಿಗೆ ಹೇಳಿಕೊಂಡರೂ ಮಾನ ಹೋಗುವುದು ಅವರದೇ. ನನಗೆ ಎರಡು ವಾರ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು. ಮಾರನೆಯ ಬೆಳಿಗ್ಗೆ ರಾಟೆಯ ಸದ್ದು ಕೇಳಿಸಿತು. ಅತ್ತೆಯವರೇ ಸೇದುತ್ತಿದ್ದರು. ಒಂದು ಕೊಡ ಬಂದು ಇನ್ನೊಂದು ಕೊಡಕ್ಕೆ ಹಗ್ಗ ಇಳಿಯುವ ನಡುವೆ ನಾನು ಒಂದು ಸಣ್ಣ ನಿದ್ದೆ ತೆಗೆಯಬಹುದಾಗಿತ್ತು. ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಆನಂದವಾಗಿ ಕೇಳಿಸಿಕೊಂಡೆ.

ಮೂರು ದಿನ ಹಾಗೆ ನಡೆಯಿತು. ನಾಲ್ಕನೆಯ ದಿನವೂ ರಾಟೆ ಕಿರುಗುಟ್ಟಿತು, ಆದರೆ ಅದು ಬರೀ ಹಗ್ಗದ ಸದ್ದು. ಆರು ವರ್ಷ ಆ ಸದ್ದು ಮಾಡಿದವಳಿಗೆ ಗೊತ್ತಾಗದೆ ಇರುತ್ತದೆಯೇ? ಆಮೇಲೆ ಅಂಗಳದ ಕಡೆಯಿಂದ ತುಂಬಿದ ಕೊಡ ಒಳಗೆ ಬಂತು. ನನ್ನ ಬಾಗಿಲ ಮುಂದೆ ಹಾದುಹೋಗುವಾಗ ಅವರು ನನ್ನ ಕಡೆ ನೋಡಲಿಲ್ಲ.

ಅವತ್ತಿನಿಂದ ಆ ಮನೆಯಲ್ಲಿ ನನ್ನದೇ ಆಳ್ವಿಕೆ. ಬಂದವರ ಮುಂದೆ ಅತ್ತೆಯವರು, "ನಮ್ಮನೇಲಿ ಇವತ್ತಿಗೂ ಬಾವಿ ನೀರೇ," ಎಂದಾಗ ನಾನು ಕಾಫಿ ಲೋಟ ಇಡುತ್ತಾ ಒಮ್ಮೆ ಅವರ ಮುಖ ನೋಡುತ್ತಿದ್ದೆ, ಅಷ್ಟೇ. ಅವರು ಮಾತು ಬದಲಿಸುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅವರ ಸೊಂಟವೂ ಪೂರ್ತಿ ಕೈಕೊಟ್ಟಿತು. ಅದೇ ನರ್ಸಿಂಗ್ ಹೋಮು, ಅದೇ ಇಂಜೆಕ್ಷನ್ನು. ಮೈಸೂರಿನಿಂದ ನಾದಿನಿ ಬಂದಿದ್ದರು. ಮಡಿಯಲ್ಲಿ ತಾಯಿಯನ್ನೂ ಮೀರಿಸಿದವರು. ಅವರು ಆಚೆ ಹೋದ ಸಮಯ ನೋಡಿ ಅತ್ತೆಯವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಡಾಕ್ಟರಿಗೆ ಹೇಳೇ. ನನಗೂ ಮಂಪರು ಬೇಡ ಅಂತ."

"ಯಾಕತ್ತೆ? ನೋವಾಗತ್ತೆ."

ಅವರು ಮಗಳು ಹೋದ ಬಾಗಿಲ ಕಡೆ ನೋಡಿದರು. ಬೇರೆ ಉತ್ತರ ಬೇಕಾಗಿರಲಿಲ್ಲ. ಮಗಳೆದುರು ನಲ್ಲಿ ನೀರಿನ ಗುಟ್ಟು ಬಾಯಿಂದ ಹೊರಬಿದ್ದೀತು ಎಂಬ ಭಯ ನನಗೆ ತಿಳಿಯದ್ದೇ? ಆ ಭಯದ ಒಂದೊಂದು ಎಳೆಯೂ ನನಗೆ ಪರಿಚಯ. ನಾನು ಹೊರಗೆ ಹೋಗಿ ಡಾಕ್ಟರಮ್ಮನನ್ನು ಕಂಡೆ. "ವಯಸ್ಸಾಗಿದೆ, ತುಂಬಾ ಹೆದರ್ತಾರೆ. ಬೇಡ ಅಂದ್ರೂ ಕೇಳಬೇಡಿ, ಮಂಪರಿಗೆ ಕೊಟ್ಟುಬಿಡಿ," ಎಂದೆ. ಒಳಗೆ ಬಂದು ನಾದಿನಿಯನ್ನು ಕರೆದು ಮಂಚದ ಆ ಕಡೆ ಕೂರಿಸಿದೆ. ಈ ಕಡೆ ನನ್ನ ಕುರ್ಚಿ ಎಳೆದುಕೊಂಡೆ.

ಮಂಪರಿನ ಇಂಜೆಕ್ಷನ್ನನ್ನು ಮಂಚದ ಮೇಲೇ ಕೊಟ್ಟರು. ಅತ್ತೆಯವರು ಒಮ್ಮೆ ನನ್ನನ್ನು ನೋಡಿದರು. ಆಮೇಲೆ ರೆಪ್ಪೆ ಭಾರವಾಯಿತು. ಸ್ವಲ್ಪ ಹೊತ್ತಿಗೆ ತುಟಿ ಅಲ್ಲಾಡಿತು. ನಾನು ಬಗ್ಗಿದೆ.

"ಏಳಾಯ್ತು," ಎಂದರು. ಧ್ವನಿ ಸಣ್ಣ ಹುಡುಗಿಯದಾಗಿತ್ತು. "ಏಳು ಕೊಡ ಆಯ್ತು, ಅತ್ತೆ. ಇನ್ನು ಆಗಲ್ಲ."

ನಾದಿನಿ ಅರ್ಥವಾಗದೆ ನನ್ನನ್ನು ನೋಡಿದರು. ನನಗೆ ಅರ್ಥವಾಗಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಅಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡ ಮಾತು ತಾನಾಗಿಯೇ ಬಾಯಿಗೆ ಬಂತು. ಅವರ ಕಿವಿಯ ಹತ್ತಿರ ಹೋಗಿ, ಅವರದೇ ದನಿಯಲ್ಲಿ ಕೇಳಿದೆ.

"ಕೊಡ ನಗ್ಗಿತಾ?"

ಮುಚ್ಚಿದ ಕಣ್ಣುಗಳಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು.

"ಇಲ್ಲ ಅತ್ತೆ," ಎಂದರು. "ಕೊಡಕ್ಕೇನೂ ಆಗಿಲ್ಲ. ನಾನೇ ಬಿದ್ದಿದ್ದು."

"ಯಾರ ಹತ್ರ ಮಾತಾಡ್ತಿದಾಳೆ ಅಮ್ಮ?" ಎಂದು ನಾದಿನಿ ಕೇಳಿದರು.

"ಅವರತ್ತೆ ಹತ್ರ," ಎಂದೆ.

ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ಅತ್ತೆಯವರನ್ನು ಒಳಗೆ ಕರೆದುಕೊಂಡು ಹೋಗಲು ಆಯಾ ಬಂದು ಹೊದಿಕೆ ತೆಗೆದಳು. ಮಂಪರಿನಲ್ಲೂ ಅವರ ಒಂದು ಕೈ ಸೊಂಟವನ್ನು ಹಿಡಿದುಕೊಂಡೇ ಇತ್ತು.