ಬಾಣಂತಿ ಕೋಣೆಯೊಳಗೊಬ್ಬ ಗಂಡಸು

ಹರಿಹರದ ನಮ್ಮ ಮನೆಯ ಬಾಣಂತಿ ಕೋಣೆಗೆ ಬಾಗಿಲಿದ್ದರೂ ಅದರ ಮೇಲೊಂದು ಕಂಬಳಿ ಇಳಿಬಿಡುವುದು ವಾಡಿಕೆ. ಗಾಳಿ ಒಳಗೆ ಹೋಗಬಾರದು, ಗಂಡಸಂತೂ ಹೋಗಲೇಬಾರದು. ಬಟ್ಟೆ ಅಂಗಡಿಯಲ್ಲಿ ನಲವತ್ತು ವರ್ಷ ಕೂಸಿನ ಕುಲಾವಿ ಮಾರಿದ ನಾನು, ನನ್ನ ಮೂರು ಮಕ್ಕಳನ್ನು ಮೊದಲ ಸಲ ಎತ್ತಿಕೊಂಡದ್ದು ಅವರ ಕತ್ತು ನಿಂತ ಮೇಲೆಯೇ. ಅದನ್ನು ಆಗ ಮರ್ಯಾದೆಯೆಂದು ತಿಳಿದಿದ್ದೆ. ಈಗ ಯೋಚಿಸಿದರೆ ನನ್ನ ಅಂಜುಬುರುಕತನಕ್ಕೆ ಅದೊಂದು ಅನುಕೂಲವಾದ ಮರೆಯಾಗಿತ್ತು.

ಆ ಮರೆಯನ್ನು ಸರಿಸಿದ್ದು ಕೊರೊನಾ. ಮಗಳು ಸವಿತಾ ದಾವಣಗೆರೆಯ ಆಸ್ಪತ್ರೆಯಲ್ಲಿ ಹೆತ್ತ ಎರಡು ದಿನಕ್ಕೆ ತಾಯಿಗೂ ಕೂಸಿಗೂ ಸೋಂಕು ಎಂದರು. ಕೂಸಿಗೆ ತುಸು ಜ್ವರ, ಹಾಲು ಎಳೆಯಲು ಸೋಮಾರಿತನ. ಏನು ಔಷಧಿ ಕೊಡುತ್ತಾರೋ ಎಂದು ಕಾದೆ. ತಾಯ ಹಾಲು, ಮೈಯ ಬಿಸುಪು, ನಿಗಾ, ಇಷ್ಟೇ ಎಂದರು ಡಾಕ್ಟರು. ಅಷ್ಟು ದೊಡ್ಡ ರೋಗಕ್ಕೆ ಇಷ್ಟು ಸಣ್ಣ ಉತ್ತರವೇ ಎಂದು ನನಗೆ ಸಿಟ್ಟೇ ಬಂತು. ಜ್ವರ ಇಳಿದು ಮನೆಗೆ ಕಳಿಸುವಾಗ ನರ್ಸ್ ತಿಳಿಸಿ ಹೇಳಿದರು: ತಾಯಿ ಮಾಸ್ಕ್ ಹಾಕಿ, ಕೈ ತೊಳೆದು ಹಾಲೂಡಿಸಲಿ, ಯಾರಾದರೂ ಕೂಸಿನ ಹೊಟ್ಟೆಯ ಏರಿಳಿತ ನೋಡಿ ನಿಮಿಷಕ್ಕೆಷ್ಟು ಉಸಿರೆಂದು ಎಣಿಸಲಿ, ಅರವತ್ತು ದಾಟಿದರೆ ತಡಮಾಡದೆ ಫೋನ್ ಮಾಡಲಿ.

ಯಾರಾದರೂ ಎಂದರೆ ಯಾರು, ನೀವೇ ಹೇಳಿ. ಅಳಿಯ ತನ್ನೂರು ಆನಗೋಡಿನಲ್ಲಿ ಜ್ವರ ಹಿಡಿದು ಮಲಗಿದ್ದ. ನನ್ನಾಕೆಗೂ ಸೋಂಕು ತಗುಲಿ ಪಕ್ಕದ ಕೋಣೆ ಸೇರಿದ್ದಳು. ತಿಂಗಳ ಹಿಂದೆಯೇ ಕಾಯಿಲೆ ಮುಗಿಸಿಕೊಂಡು ಎದ್ದವನು ನಾನೊಬ್ಬನೇ. ಮಾಸ್ಕ್ ಬಿಗಿದುಕೊಂಡು, ಕಂಬಳಿ ಸರಿಸಿ ಒಳಗೆ ಹೋದೆ.

ಮರುದಿನ ಗೋಡೆಯಾಚೆಯಿಂದ ನನ್ನಾಕೆಯ ಅಪ್ಪಣೆಯಾಯಿತು: “ರೀ, ಕೂಸಿಗೆ ಲೋಬಾನದ ಹೊಗೆ ಹಾಕ್ರಿ. ಹೊಗೆ ಇಲ್ದ ಬಾಣಂತನ ಎಲ್ಲಾರ ಐತೇನು?”

“ಬ್ಯಾಡಪ್ಪಾಜಿ,” ಎಂದಳು ಸವಿತಾ. ಹೆಂಡತಿಯ ಮಾತು ಮೀರಿ ಬದುಕಿದವನಲ್ಲ ನಾನು. ಕೆಂಡಕ್ಕೆ ಲೋಬಾನ ಉದುರಿಸಿದೆ. ಕೂಸು ಕೆಮ್ಮಿತು, ಮೂಗಿನ ಹೊಳ್ಳೆಗಳು ಅರಳಿದವು. ಎಣಿಸಿದೆ: ಅರವತ್ತಾರು. ಆಸ್ಪತ್ರೆಗೆ ಫೋನ್ ಹಚ್ಚಿ, ಹೊಗೆ ಹಾಕಿದ್ದನ್ನೂ ಹೇಳಿದೆ.

ಫೋನೆತ್ತಿದ ನರ್ಸ್ ಬಯ್ಯಲಿಲ್ಲ. “ಅಜ್ಜಾರೆ, ಮೊದ್ಲು ಕೂಸನ್ನ ಆ ಹೊಗೆಯಿಂದ ಹೊರಗೆ ಎತ್ಕಂಡ್ ಬರ್ರಿ. ಅವರವ್ವನ ಎದೆಗೆ ಒರಗಿಸ್ರಿ. ಗಾಡಿ ತಯಾರಿರ್ಲಿ. ಐದು ನಿಮಿಷಕ್ಕೆ ಮತ್ತೆ ಎಣಿಸಿ ಹೇಳ್ರಿ, ಅಲ್ಲೀತಂಕ ನಾನು ಫೋನ್ ಇಡಲ್ಲ.”

ತಾಯಿ-ಕೂಸನ್ನು ಪಡಸಾಲೆಗೆ ಕರೆತಂದು, ಕಿಟಕಿಗಳನ್ನೆಲ್ಲ ತೆಗೆದು, ಮಗಳ ಎದೆಗೊರಗಿದ ಆ ಪುಟ್ಟ ಬೆನ್ನ ಮೇಲೆ ಕಣ್ಣು ನೆಟ್ಟು ಕೂತೆ. ನಮ್ಮ ಉಸಿರನ್ನು ನಾವು ಮರೆತೇ ಬದುಕುತ್ತೇವೆ, ಗೆಳೆಯರೇ. ಇನ್ನೊಂದು ಜೀವದ ಉಸಿರನ್ನು ಹೀಗೆ ಒಂದೊಂದಾಗಿ ಕಾಯುವಾಗ, ಮಕ್ಕಳ ಮೇಲಿನ ಪ್ರೀತಿಯೆಂದು ನಾನು ಇಷ್ಟುಕಾಲ ಕರೆದದ್ದರಲ್ಲಿ ದುಡಿಮೆಯಿತ್ತು, ಗಮನವಿರಲಿಲ್ಲ ಎಂದು ಹೊಳೆದು ನಾಚಿಕೆಯಾಯಿತು.

ನಲವತ್ತೆಂಟು. ಕೂಸು ತಾನಾಗಿಯೇ ಬಾಯಿ ತೆರೆದು ಹಾಲಿಗೆ ಹುಡುಕಾಡಿತು. ನರ್ಸ್ ಫೋನ್ ಇಟ್ಟರು.

“ಎಷ್ಟ್ರೀ?” ಗೋಡೆಯಾಚೆ ಸಣ್ಣ ದನಿ.

“ನಲವತ್ತೆಂಟು.”

“ಎಲ್ಲಾ ನನ್ನಿಂದ ಆತು. ಇನ್ನೊಂದ್ಸಲ ಎಣಿಸ್ರಿ, ನನಗೆ ಕೇಳೋ ಹಂಗೆ.”

ಲೋಬಾನ ಉದುರಿಸಿದ ಕೈ ನನ್ನದೇ ಎನ್ನಬೇಕೆಂದುಕೊಂಡವನು, ದನಿ ಎತ್ತರಿಸಿ ‘ಒಂದು’ ಎಂದೆ. ಹತ್ತು ಎನ್ನುವ ಹೊತ್ತಿಗೆ ಗೋಡೆಯಾಚೆಯಿಂದ ಆಕೆಯೂ ನನ್ನ ಜೊತೆ ಎಣಿಸತೊಡಗಿದಳು.